ಹೂ ಬಿಡದ ಪೊದೆಗೆ ಗುದ್ದಲಿ: ಕಿಕ್ಕಿರಿದ ಬುಡಗಳನ್ನು ಕಿತ್ತು ಪಾಲು ಮಾಡುವ ಬಗೆ

ಮೈಸೂರಿನ ನಮ್ಮ ಮನೆಯ ಹಿತ್ತಿಲಿನಲ್ಲಿ ಸುಗಂಧರಾಜದ ಪಾತಿಯೊಂದಿದೆ. ನೆಟ್ಟ ಮೊದಲ ಎರಡು ವರ್ಷ ಸಂಜೆಯಾದರೆ ಅಡುಗೆಮನೆಯ ಕಿಟಕಿಯವರೆಗೂ ಪರಿಮಳ ಬರುತ್ತಿತ್ತು. ಮೂರನೆಯ ವರ್ಷ ಹೂದಂಟು ಎಣಿಸಿದರೆ ಏಳು. ನಾಲ್ಕನೆಯ ವರ್ಷ ಬರೀ ಎಲೆ. ದೂರದಿಂದ ನೋಡಿದವರು ಹುಲ್ಲು ಬೆಳೆಸಿದ್ದೀರಾ ಎಂದು ಕೇಳುವ ಹಾಗಿತ್ತು. ನಾನು ಕೊಟ್ಟಿಗೆ ಗೊಬ್ಬರ ಹಾಕಿದೆ, ಹೊಂಗೆಹಿಂಡಿ ಹಾಕಿದೆ, ನೀರು ಹೆಚ್ಚಿಸಿದೆ. ಎಲೆ ಇನ್ನಷ್ಟು ಸೊಕ್ಕಿತು.

ತಿಂಗಳಿಗೊಮ್ಮೆ ತೋಟದ ಕೆಲಸಕ್ಕೆ ಬರುವ ಹಿರಿಯರೊಬ್ಬರು ಮದ್ದೂರಿನ ಕಡೆಯವರು, ಕಬ್ಬು ಬೆಳೆದು ಪಳಗಿದ ಕೈ. ಪಾತಿಯನ್ನು ಒಮ್ಮೆ ಕಾಲಿನಿಂದ ಒತ್ತಿ ನೋಡಿ, "ಅಮ್ಮಾ, ಇದು ನಾಲ್ಕನೇ ಕೂಳೆ. ಇನ್ನೂ ಹೂ ಕೇಳಿದರೆ ಎಲ್ಲಿಂದ ಕೊಡುತ್ತದೆ? ಕಿತ್ತು ಹೊಸದಾಗಿ ನಾಟಿ ಮಾಡಬೇಕು" ಎಂದರು. ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಮತ್ತೆ ಮತ್ತೆ ಚಿಗುರಿಸಿಕೊಳ್ಳುವ ಬೆಳೆಗೆ ಕೂಳೆ ಎನ್ನುತ್ತಾರೆ. ಕೂಳೆ ಮುಂದುವರಿದಷ್ಟೂ ಇಳುವರಿ ಇಳಿಯುತ್ತದೆ ಎಂಬುದು ಮಂಡ್ಯದ ಯಾವ ರೈತರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಹೂತೋಟ ಮಾಡುವ ನಮಗೆ ಮಾತ್ರ ಅದು ಹೊಳೆಯುವುದಿಲ್ಲ. ಅಂದು ಗುದ್ದಲಿ ಹಿಡಿದ ಮೇಲೆ ಹತ್ತು ವರ್ಷಗಳಿಂದ ಈ ಕೆಲಸವನ್ನು ತಪ್ಪದೆ ಮಾಡುತ್ತಿದ್ದೇನೆ. ಸಾಕಷ್ಟು ಗಿಡಗಳನ್ನು ಕೊಂದೂ ಇದ್ದೇನೆ. ಎರಡರಿಂದಲೂ ಕಲಿತದ್ದು ಇಲ್ಲಿದೆ.

ಬುಡದೊಳಗೆ ನಡೆಯುವುದೇನು?

ಗೆಡ್ಡೆ ಅಥವಾ ಕಂದಿನಿಂದ, ಅಂದರೆ ಬುಡದಿಂದೇಳುವ ಮರಿಯಿಂದ, ಹರಡುವ ಗಿಡಗಳು ಹೊರಮುಖವಾಗಿ ಬೆಳೆಯುತ್ತವೆ. ಮೊದಲು ನೆಟ್ಟ ಗೆಡ್ಡೆ ನಡುವಿನಲ್ಲಿರುತ್ತದೆ. ಅದರ ಮರಿಗಳು ಸುತ್ತ ಏಳುತ್ತವೆ. ಮರಿಗಳ ಮರಿಗಳು ಇನ್ನೂ ಹೊರಗೆ ಹೋಗುತ್ತವೆ. ಎರಡು ಮೂರು ವರ್ಷಗಳಲ್ಲಿ ನಡುವಿನ ಭಾಗದ ಮಣ್ಣಿನ ಸತ್ವ ಮುಗಿದಿರುತ್ತದೆ, ಬೇರುಗಳು ಒಂದರೊಳಗೊಂದು ಹೆಣೆದು ಚಾಪೆಯಾಗಿರುತ್ತವೆ, ಹಾಕಿದ ನೀರು ಒಳಗಿಳಿಯದೆ ಪಕ್ಕಕ್ಕೆ ಹರಿದುಹೋಗುತ್ತದೆ. ಗಾಳಿಯಾಡದ ಕಾರಣ ಕೊಳೆರೋಗಕ್ಕೂ ಅದೇ ತವರು.

ಸುಗಂಧರಾಜದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ಗೆಡ್ಡೆ ಒಮ್ಮೆ ಮಾತ್ರ ಹೂದಂಟು ಕೊಡುತ್ತದೆ. ಮುಂದಿನ ಹೂವು ಅದರ ಮರಿಗೆಡ್ಡೆಗಳಿಂದಲೇ ಬರಬೇಕು. ಮರಿಗಳಿಗೆ ದಪ್ಪವಾಗಲು ಜಾಗವಿಲ್ಲದಿದ್ದರೆ ಅವು ಬೆಳ್ಳುಳ್ಳಿ ಎಸಳಿನಷ್ಟೇ ಉಳಿದು ಎಲೆ ಬಿಡುತ್ತಾ ಕಾಲ ಕಳೆಯುತ್ತವೆ. ನನ್ನ ಗೊಬ್ಬರವೆಲ್ಲ ಎಲೆಗೆ ಹೋದದ್ದು ಹೀಗೆ. ಹೆಲಿಕೋನಿಯಾದ ಪ್ರತಿ ಕಾಂಡವೂ ಬಾಳೆಯಂತೆ ಒಂದೇ ಸಲ ಹೂ ಬಿಟ್ಟು ಒಣಗುತ್ತದೆ. ಒಣಗಿದ ಕಾಂಡಗಳು ಒಳಗೇ ನಿಂತು ಹೊಸ ಸುಳಿಗೆ ದಾರಿ ಕಟ್ಟುತ್ತವೆ.

ಪಾಲು ಮಾಡುವ ಕಾಲ ಬಂದಿದೆ ಎಂದು ಗಿಡವೇ ಹೇಳುತ್ತದೆ. ಹೂ ಕಡಿಮೆಯಾಗುವುದು, ಎಲೆ ಸಣ್ಣದಾಗುವುದು ಮೊದಲ ಲಕ್ಷಣ. ಪೊದೆಯ ನಡುವೆ ಬೋಳು ತಲೆಯಂತೆ ಖಾಲಿ ಜಾಗ ಕಾಣುವುದು ಎರಡನೆಯದು. ಗೆಡ್ಡೆಗಳು ಮಣ್ಣಿನಿಂದ ಮೇಲೆದ್ದು ಕಾಣುವುದು, ಕುಂಡವಾದರೆ ಅದು ಉಬ್ಬಿ ಸೀಳುವುದು ಕೊನೆಯದು. ನಮ್ಮ ತಾರಸಿಯಲ್ಲಿ ಸ್ನೇಕ್ ಪ್ಲಾಂಟ್ ಒಂದು ದಪ್ಪ ಪ್ಲಾಸ್ಟಿಕ್ ಕುಂಡವನ್ನು ಎರಡು ಹೋಳು ಮಾಡಿ ಹೊರಗೆ ಇಣುಕಿತ್ತು. ಅಷ್ಟರವರೆಗೆ ಕಾಯಬೇಡಿ.

ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು

ಒಂದೇ ಬುಡದಿಂದ ಹಲವು ಸುಳಿಗಳು ಎದ್ದು, ಪ್ರತಿ ಸುಳಿಗೂ ತನ್ನದೇ ಬೇರಿದ್ದರೆ ಆ ಗಿಡವನ್ನು ಪಾಲು ಮಾಡಬಹುದು. ಸುಗಂಧರಾಜ, ನರ್ಸರಿಯವರು ಕ್ಯಾನಾ ಎನ್ನುವ ಕಾಬಾಳೆ, ಹೆಲಿಕೋನಿಯಾ, ಸುರುಳಿ ಸುಗಂಧಿ, ಡೇ ಲಿಲಿ, ರೇನ್ ಲಿಲಿ, ಸ್ಪೈಡರ್ ಲಿಲಿ, ಜರ್ಬೆರಾ, ಸೇವಂತಿಗೆ, ಮಜ್ಜಿಗೆಹುಲ್ಲು, ಲಾವಂಚ, ಲೋಳೆಸರ, ಜರೀಗಿಡಗಳು ಈ ಗುಂಪಿನವು.

ಒಂದೇ ಕಾಂಡದಿಂದ ಕವಲೊಡೆಯುವ ದಾಸವಾಳ, ಗುಲಾಬಿ, ಕಣಗಿಲೆಗಳ ಬುಡ ಸೀಳಿದರೆ ಕೈಗೆ ಬರುವುದು ಸೌದೆ. ಮೈಸೂರು ಮಲ್ಲಿಗೆಗೂ ಗುದ್ದಲಿ ಬೇಡ. ಅದರ ವಂಶ ಬೆಳೆಯುವುದು ಕಡ್ಡಿಯಿಂದ, ಇಲ್ಲವೇ ಬಳ್ಳಿಯನ್ನು ಬಾಗಿಸಿ ಮಣ್ಣು ಮುಚ್ಚಿ ಬೇರು ಬರಿಸುವುದರಿಂದ. ಬರ್ಡ್ ಆಫ್ ಪ್ಯಾರಡೈಸ್ ಗಿಡವನ್ನು ಪಾಲು ಮಾಡಲು ಸಾಧ್ಯವಿದೆ. ಆದರೆ ಅದು ಮುನಿಸಿಕೊಳ್ಳುವ ಜಾತಿ. ಒಮ್ಮೆ ಬುಡ ಅಲುಗಾಡಿಸಿದರೆ ಮತ್ತೆ ಹೂ ಬಿಡಲು ಒಂದೆರಡು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಯಿಸುತ್ತದೆ. ಚೆನ್ನಾಗಿ ಹೂ ಬಿಡುತ್ತಿದ್ದರೆ ಅದರ ತಂಟೆಗೆ ಹೋಗಬೇಡಿ.

ಮಳೆಯ ಲೆಕ್ಕ

ಚಳಿ ದೇಶದವರ ತೋಟಗಾರಿಕೆಯ ಸಲಹೆಗಳಲ್ಲಿ ವಸಂತದಲ್ಲಿ ಪಾಲು ಮಾಡಿ ಎಂದಿರುತ್ತದೆ. ನಮ್ಮ ಯುಗಾದಿಯ ವಸಂತದಲ್ಲಿ ಹಾಗೆ ಮಾಡಿದರೆ ಮಾರ್ಚ್, ಏಪ್ರಿಲ್ ಬಿಸಿಲಿಗೆ ಸಸಿ ಸುಟ್ಟುಹೋಗುತ್ತದೆ. ಇಲ್ಲಿ ನೋಡಬೇಕಾದದ್ದು ಮಳೆ ನಕ್ಷತ್ರಗಳನ್ನು.

ಮೈಸೂರು, ಮಂಡ್ಯಗಳ ಮಳೆಗೆ ಎರಡು ಜೋರು, ನಡುವೆ ಒಂದು ಜಿನುಗು. ಮೇ ತಿಂಗಳಲ್ಲಿ ಗುಡುಗು ಸಹಿತ ಸಂಜೆ ಮಳೆ ಬರುತ್ತದೆ. ಜೂನ್, ಜುಲೈಯಲ್ಲಿ ಮಳೆ ತೆಳುವು, ಮೋಡ ಹೆಚ್ಚು, ಗಾಳಿಯೂ ಹೆಚ್ಚು. ಮತ್ತೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಸುರಿಮಳೆ. ಕಿತ್ತ ಗಿಡಕ್ಕೆ ಬೇಕಾದದ್ದು ಹಸಿ ಮಣ್ಣು, ಮಂದ ಬಿಸಿಲು, ತಂಪು ಗಾಳಿ. ಹೀಗಾಗಿ ಮೇ 25ರ ಸುಮಾರಿಗೆ ಹುಟ್ಟುವ ರೋಹಿಣಿ ಮಳೆಯಿಂದ ಹಿಡಿದು ಮೃಗಶಿರ, ಆರಿದ್ರ ಮುಗಿಯುವ ಜುಲೈ ಮೊದಲ ವಾರದವರೆಗಿನ ನಲವತ್ತು ದಿನಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಕಾಬಾಳೆ, ಹೆಲಿಕೋನಿಯಾ, ಲಿಲಿಗಳು, ಮಜ್ಜಿಗೆಹುಲ್ಲು ಎಲ್ಲವನ್ನೂ ಈ ದಿನಗಳಲ್ಲೇ ಮುಗಿಸಿ. ಕಾಬಾಳೆ ನೆಟ್ಟು ಸುಮಾರು ಮೂರು ತಿಂಗಳಿಗೆ ಹೂ ಬಿಡುವುದರಿಂದ ಜೂನ್‌ನಲ್ಲಿ ಪಾಲು ಮಾಡಿದ್ದು ದಸರೆಯ ಹೊತ್ತಿಗೆ ಸರಿಯಾಗಿ ಅರಳುತ್ತದೆ. ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನ ನೋಡಿ ಬಂದವರು ನಮ್ಮ ಅಂಗಳದಲ್ಲೂ ಒಂದು ಕ್ಷಣ ನಿಲ್ಲುತ್ತಾರೆ ಎಂಬುದು ನನ್ನ ಸಣ್ಣ ಜಂಬ.

ರಸಭರಿತ ಗಿಡಗಳ ಲೆಕ್ಕವೇ ಬೇರೆ. ಲೋಳೆಸರ, ಸ್ನೇಕ್ ಪ್ಲಾಂಟ್‌ಗಳನ್ನು ಒಣಹವೆಯಲ್ಲಿ, ಅಂದರೆ ಜನವರಿ, ಫೆಬ್ರವರಿಯಲ್ಲಿ ಪಾಲು ಮಾಡಬೇಕು. ಒಂದು ವರ್ಷ ಚಿತ್ತೆ ಮಳೆ ಸುರಿಯುತ್ತಿರುವಾಗ, ಆಯುಧಪೂಜೆಗೆ ಮನೆ ಸ್ವಚ್ಛ ಮಾಡುವ ಹುರುಪಿನಲ್ಲಿ ಹದಿನಾಲ್ಕು ಕುಂಡ ಸ್ನೇಕ್ ಪ್ಲಾಂಟ್ ಸೀಳಿ ನೆಟ್ಟು ಅಂದೇ ನೀರುಣಿಸಿದೆ. ದೀಪಾವಳಿಯ ಹೊತ್ತಿಗೆ ಹನ್ನೊಂದು ಕುಂಡಗಳಲ್ಲಿ ಬುಡ ಕೊಳೆತು ಎಲೆ ಕೈಗೇ ಬಂದವು. ಸುಗಂಧರಾಜದ ಗೆಡ್ಡೆಗಳನ್ನೂ ಚಳಿಗಾಲದಲ್ಲಿ ಎಲೆ ಹಳದಿಯಾದ ಮೇಲೆಯೇ ಕೀಳಬೇಕು.

ದಿನದ ಹೊತ್ತು: ಸಂಜೆ ನಾಲ್ಕರ ನಂತರ, ಇಲ್ಲವೇ ಮೋಡ ಕವಿದ ದಿನ. ಕಿತ್ತದ್ದನ್ನು ಅಂದೇ ನೆಟ್ಟು ಮುಗಿಸುವಷ್ಟು ಮಾತ್ರ ಕೀಳಿ.

ಮಣ್ಣಿನ ಹದ

ಮೈಸೂರಿನ ಕೆಂಪು ಮಣ್ಣು ಉದಾರಿ. ಮಳೆ ಬಿದ್ದ ಮರುದಿನವೇ ಗುದ್ದಲಿಗೆ ಒಗ್ಗುತ್ತದೆ. ಮಂಡ್ಯದ ನಾಲೆ ಬಯಲಿನ ಜಿಗುಟು ಮಣ್ಣು ಹಾಗಲ್ಲ. ಹಸಿಯಾಗಿದ್ದಾಗ ಅಗೆದರೆ ಬೇರಿಗೆ ಮೆತ್ತಿಕೊಂಡು, ಒಣಗಿದ ಮೇಲೆ ಇಟ್ಟಿಗೆಯಾಗುತ್ತದೆ. ಪೂರ್ತಿ ಒಣಗಿದ ಮೇಲೆ ಅಗೆದರೆ ಹೆಂಟೆಯ ಜೊತೆ ಬೇರೂ ತುಂಡಾಗುತ್ತದೆ. ಅಲ್ಲಿ ಮಳೆ ನಿಂತು ಎರಡು ಮೂರು ದಿನ ಕಾಯಲೇಬೇಕು. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಮೊಣಕಾಲೆತ್ತರದಿಂದ ಬಿಡಿ. ಬಿದ್ದು ಪುಡಿಯಾದರೆ ಹದ ಬಂದಿದೆ. ಚಪ್ಪಟೆಯಾಗಿ ಕೂತರೆ ಇನ್ನೂ ಒಂದು ದಿನ ಬಿಡಿ. ಉಂಡೆಯೇ ಕಟ್ಟದಿದ್ದರೆ ಹಿಂದಿನ ದಿನ ನೀರು ಹಾಯಿಸಿ.

ಮಣ್ಣು ಹೇಗಿದ್ದರೂ ಅಗೆಯುವ ಹಿಂದಿನ ಸಂಜೆ ಬುಡಕ್ಕೆ ಒಂದು ಕೊಡ ನೀರು ಹಾಕುವುದು ನನ್ನ ರೂಢಿ. ಗಿಡ ತುಂಬ ನೀರು ಕುಡಿದಿದ್ದರೆ ಮರುದಿನದ ಪೆಟ್ಟನ್ನು ತಾಳಿಕೊಳ್ಳುತ್ತದೆ. ಇದಕ್ಕೂ ರಸಭರಿತ ಗಿಡಗಳು ಹೊರತು.

ಹತಾರುಗಳು

ಸಲಾಕೆ ಸಲಾಕೆಯಾಗಿರುವ ನಾಲ್ಕು ಮುಳ್ಳಿನ ಫೋರ್ಕ್ ಇದ್ದರೆ ಅರ್ಧ ಕೆಲಸ ಹಗುರ. ಅದು ಬೇರನ್ನು ಕಡಿಯದೆ ಮಣ್ಣನ್ನು ಸಡಿಲಿಸುತ್ತದೆ. ಇಲ್ಲದಿದ್ದರೆ ಸನಿಕೆ ಸಾಕು. ಗುದ್ದಲಿಯನ್ನು ಪೊದೆಯ ಸುತ್ತ ಕಾಲುವೆ ತೋಡಲು ಮಾತ್ರ ಬಳಸಿ. ಬುಡದ ಹತ್ತಿರ ಗುದ್ದಲಿ ಎತ್ತಿದರೆ ಚೆನ್ನಾದ ಗೆಡ್ಡೆಯೇ ಮೊದಲು ಎರಡಾಗುತ್ತದೆ. ಹಳೆಯ ಹೆಲಿಕೋನಿಯಾಗೆ ಹಾರೆ ಬೇಕೇ ಬೇಕು. ನಾನು ಸನಿಕೆಯಿಂದಲೇ ಮೀಟಲು ಹೋಗಿ ಅಪ್ಪನ ಕಾಲದ ಸನಿಕೆಯ ಹಿಡಿ ಲಟಕ್ಕೆಂದು ಮುರಿದದ್ದನ್ನು ಮನೆಯಲ್ಲಿ ಇನ್ನೂ ನೆನಪಿಸುತ್ತಾರೆ. ಕತ್ತರಿಸಲು ಹರಿತವಾದ ಚಾಕು, ದಪ್ಪ ಗೆಡ್ಡೆಗೆ ಮಚ್ಚು ಅಥವಾ ಹಳೆಯ ಗರಗಸ, ಕಿತ್ತದ್ದನ್ನು ಸುತ್ತಿಡಲು ಒದ್ದೆ ಗೋಣಿಚೀಲ, ಮಣ್ಣು ಹೊರಲು ಬಾಂಡ್ಲಿ. ಇಷ್ಟೇ ಸಾಮಾನು.

ಕೈಗವಸು ಹಾಕಿಕೊಳ್ಳಿ. ಸ್ಪೈಡರ್ ಲಿಲಿಯಂಥ ಗೆಡ್ಡೆಗಳ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಹೊಟ್ಟೆಗೆ ಹೋದರೆ ವಿಷ; ಮಕ್ಕಳು, ನಾಯಿ ಇರುವ ಮನೆಯಲ್ಲಿ ತುಂಡುಗಳನ್ನು ಅಂಗಳದಲ್ಲಿ ಬಿಡಬೇಡಿ. ಇನ್ನೊಂದು ಮಾತು. ವರ್ಷಗಟ್ಟಲೆ ಮುಟ್ಟದ ಪೊದೆಯೊಳಗೆ ಚೇಳು, ಹಾವು ಇರಬಹುದು. ಕೈ ಹಾಕುವ ಮೊದಲು ಉದ್ದನೆಯ ಕೋಲಿನಿಂದ ನಾಲ್ಕು ಸಲ ಬಡಿದು, ಐದು ನಿಮಿಷ ಕಾಯಿರಿ.

ಚಾಕುವಿನ ಶುಚಿಯನ್ನು ಹಗುರವಾಗಿ ಕಾಣಬೇಡಿ. ನಂಜನಗೂಡು ರಸಬಾಳೆಯ ತೋಟಗಳನ್ನು ಪನಾಮಾ ಸೊರಗು ರೋಗ ಹೇಗೆ ತಿಂದುಹಾಕಿತು ಎಂಬುದು ಈ ಕಡೆಯ ಎಲ್ಲರಿಗೂ ಗೊತ್ತು. ಆ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಒಂದು ತೋಟದಿಂದ ಇನ್ನೊಂದಕ್ಕೆ ದಾಟುವುದು ಬಹುಪಾಲು ಕಂದು ಮತ್ತು ಅದಕ್ಕಂಟಿದ ಮಣ್ಣಿನ ಮೂಲಕವೇ. ಪಾಲು ಮಾಡುವುದೆಂದರೆ ಗಿಡದ ಜೊತೆ ಅದರ ರೋಗವನ್ನೂ ಪಾಲು ಮಾಡಿದಂತೆ. ಆದ್ದರಿಂದ ಒಂದು ಬುಡದಿಂದ ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ.

ಅಗೆಯುವುದು

ಮೊದಲು ತಲೆ ಬೋಳಿಸಿ. ಲಿಲಿ, ಮಜ್ಜಿಗೆಹುಲ್ಲುಗಳ ಎಲೆಯನ್ನು ಒಂದು ಗೇಣು ಉಳಿಸಿ ಕತ್ತರಿಸಿ; ಹೆಲಿಕೋನಿಯಾ, ಕಾಬಾಳೆಯ ಕಾಂಡವನ್ನು ಮೊಣಕಾಲಿಗಿಂತ ಕೆಳಗೆ ತುಂಡರಿಸಿ. ನೋಡಲು ಕಟುಕತನ ಎನ್ನಿಸುತ್ತದೆ. ಆದರೆ ಅಗೆಯುವಾಗ ಬೇರಿನ ಬಹುಪಾಲು ಹೋಗುತ್ತದೆ, ಉಳಿದ ಚೂರು ಬೇರು ಅಷ್ಟೂ ಎಲೆಗೆ ನೀರು ಹೊರಲಾರದು. ಎಲೆ ಉಳಿಸಿಕೊಂಡ ಗಿಡ ಮೂರನೇ ದಿನಕ್ಕೆ ಬಾಡಿ ಮಲಗುತ್ತದೆ.

ಎಲೆ ಕತ್ತರಿಸಿದ ಮೇಲೆ ಪೊದೆಯ ಅಂಚು ಕಾಣುತ್ತದೆ. ಅಂಚಿನಿಂದ ಒಂದು ಗೇಣು ಹೊರಗೆ ಸುತ್ತಲೂ ಕಾಲುವೆ ತೋಡಿ, ಒಂದೂವರೆ ಗೇಣು ಆಳ. ಆಮೇಲೆ ಸನಿಕೆಯನ್ನು ಕಾಲುವೆಯ ಒಳಗೋಡೆಯಿಂದ ಪೊದೆಯ ಅಡಿಗೆ ಓರೆಯಾಗಿ ತುಳಿದು ಇಳಿಸಿ, ಸ್ವಲ್ಪ ಮೀಟಿ, ಬಿಡಿ. ಅಲ್ಲಿಂದ ಒಂದು ಹೆಜ್ಜೆ ಸರಿದು ಮತ್ತೆ ಮೀಟಿ. ಒಂದೇ ಕಡೆ ನಿಂತು ಶಕ್ತಿಪ್ರದರ್ಶನ ಮಾಡಿದರೆ ಸನಿಕೆ ಮುರಿಯುತ್ತದೆ ಅಥವಾ ಸೊಂಟ ಹಿಡಿಯುತ್ತದೆ. ಎರಡು ಸುತ್ತು ಹೀಗೆ ಮೀಟಿದರೆ ಪೊದೆ ಒಂದು ಕಡೆ ಹಲ್ಲಿನಂತೆ ಅಲುಗತೊಡಗುತ್ತದೆ. ಆಗ ಆ ಕಡೆ ಹಾರೆ ಹಾಕಿ, ಹಾರೆಯ ಕೆಳಗೊಂದು ಕಲ್ಲು ಅಥವಾ ಇಟ್ಟಿಗೆ ಇಟ್ಟು ಒತ್ತಿ.

ಪೊದೆ ಎತ್ತಲಾಗದಷ್ಟು ದೊಡ್ಡದಾಗಿದ್ದರೆ ಎತ್ತಲೇ ಬೇಡಿ. ನೆಲದಲ್ಲಿರುವಾಗಲೇ ರೊಟ್ಟಿ ಮುರಿದಂತೆ ನಾಲ್ಕು ಭಾಗ ಮಾಡಿ, ಒಂದೊಂದನ್ನೇ ಹೊರತೆಗೆಯಿರಿ. ನಡುವಿನ ಭಾಗವನ್ನು ಹೇಗೂ ಉಳಿಸಿಕೊಳ್ಳುವುದಿಲ್ಲವಾದ್ದರಿಂದ ಅಲ್ಲಿ ಮಚ್ಚು ಬಿದ್ದರೂ ನಷ್ಟವಿಲ್ಲ.

ಪಾಲು: ನಡುವನ್ನು ಬಿಸಾಡಿ

ಇಲ್ಲಿಯೇ ನಮ್ಮ ಜನ ಎಡವುವುದು. ಕಿತ್ತ ಪೊದೆಯಲ್ಲಿ ಅತಿ ದಪ್ಪ, ಅತಿ ಗಟ್ಟಿ ಕಾಣುವುದು ನಡುವಿನ ಗೆಡ್ಡೆ. ಅದನ್ನು ತಾಯಿಗಿಡವೆಂದು ಕರೆದು, ಮತ್ತೆ ಅದೇ ಜಾಗದಲ್ಲಿ ನೆಟ್ಟು, ಅಂಚಿನ ಎಳೆಯ ಮರಿಗಳನ್ನು ಪಕ್ಕದ ಮನೆಯವರಿಗೆ ಕೊಟ್ಟು ಕಳಿಸುತ್ತೇವೆ. ಮುಂದಿನ ವರ್ಷ ಪಕ್ಕದ ಮನೆಯಲ್ಲಿ ಹೂ ಬಿಡುತ್ತದೆ, ನಮ್ಮ ಮನೆಯಲ್ಲಿ ಬಿಡುವುದಿಲ್ಲ. ಅವರ ಕೈಗುಣ ದೊಡ್ಡದು ಎಂದುಕೊಳ್ಳುತ್ತೇವೆ. ನಾನೂ ಎರಡು ವರ್ಷ ಹೀಗೆ ಮಾಡಿದವಳೇ. ತಾಯಿಯನ್ನು ಹೇಗೆ ಬಿಸಾಡುವುದು ಎಂದು ನಾನು ರಾಗ ಎಳೆದಾಗ ಮದ್ದೂರಿನ ಹಿರಿಯರು ಗೆಡ್ಡೆಯನ್ನು ಮಚ್ಚಿನಿಂದ ಸೀಳಿ ತೋರಿಸಿದರು. ಒಳಗೆ ಕಂದುಬಣ್ಣದ ಬೆಂಡು, ಜೀವವಿರುವ ಒಂದು ಬೇರಿಲ್ಲ. "ಇದರಲ್ಲಿ ತಾಯಿ ಎಲ್ಲಿದ್ದಾಳೆ ಅಮ್ಮಾ? ಅವಳು ಆಗಲೇ ಅಂಚಿಗೆ ಹೋಗಿ ಸೇರಿದ್ದಾಳೆ" ಎಂದರು.

ಹಾಗಾದರೆ ಪಾಲು ಹೀಗೆ. ಪೊದೆಯನ್ನು ಬಕೆಟ್ ನೀರಿನಲ್ಲಿ ಅಲುಗಾಡಿಸಿ ಅಥವಾ ಪೈಪ್ ಹಿಡಿದು ಮಣ್ಣು ತೊಳೆಯಿರಿ. ತೊಳೆಯದೆ ಕತ್ತರಿಸುವುದೆಂದರೆ ಕಣ್ಣು ಕಟ್ಟಿಕೊಂಡು ಕತ್ತರಿಸಿದಂತೆ. ಮೊದಲು ಕೈಯಿಂದಲೇ ಬಿಡಿಸಲು ನೋಡಿ. ಬೇರುಗಳನ್ನು ಜಡೆ ಬಿಡಿಸುವಂತೆ ತುದಿಯಿಂದ ಬಿಡಿಸುತ್ತಾ ಬನ್ನಿ. ಅನೇಕ ಲಿಲಿಗಳು ಚಾಕುವನ್ನೇ ಕೇಳುವುದಿಲ್ಲ. ಬಿಡದಿದ್ದಲ್ಲಿ ಮಾತ್ರ, ಎರಡು ಸುಳಿಗಳ ನಡುವಿನ ಸಪೂರವಾದ ಕತ್ತಿನಲ್ಲಿ ಒಂದೇ ಏಟಿಗೆ ಕತ್ತರಿಸಿ. ಚಾಕುವನ್ನು ಗರಗಸದಂತೆ ಹಿಂದೆ ಮುಂದೆ ಎಳೆದರೆ ಗಾಯ ಜಜ್ಜಿಹೋಗಿ ಕೊಳೆಯುತ್ತದೆ.

ಎಷ್ಟು ದೊಡ್ಡ ತುಂಡು? ಕಬ್ಬಿನ ಬಿತ್ತನೆ ತುಂಡಿಗೆ ಎರಡು ಮೂರು ಕಣ್ಣು ಇಡುತ್ತಾರಲ್ಲ, ಅದೇ ಲೆಕ್ಕ. ಪ್ರತಿ ತುಂಡಿಗೆ ಎರಡು ಮೂರು ಸುಳಿ ಅಥವಾ ಕಣ್ಣು, ಮತ್ತು ಬಿಳಿಯ ಜೀವಂತ ಬೇರು. ಒಂದೇ ಕಣ್ಣಿನ ತುಂಡೂ ಬದುಕುತ್ತದೆ, ಹೂ ಬಿಡಲು ಮಾತ್ರ ಒಂದು ವರ್ಷ ಹಿಂದೆ ಬೀಳುತ್ತದೆ. ಬೇರು ಕಪ್ಪಾಗಿ ಮೆತ್ತಗಿದ್ದರೆ, ಕೆಟ್ಟ ವಾಸನೆ ಬಂದರೆ, ಬೇರಿನ ಮೇಲೆ ಗಂಟು ಗಂಟು ಕಂಡರೆ ಆ ಭಾಗವನ್ನು ಗೊಬ್ಬರದ ಗುಂಡಿಗೂ ಹಾಕಬೇಡಿ, ಒಣಗಿಸಿ ಸುಡಿ. ಗಂಟು ಜಂತುಹುಳುವಿನ ಗುರುತು. ಆ ಪಾತಿಯಲ್ಲಿ ಒಂದು ಹಂಗಾಮು ಚೆಂಡುಹೂ ಬೆಳೆದು ಆಮೇಲೆ ಮತ್ತೆ ಗೆಡ್ಡೆ ನೆಡಿ. ಬಿಳಿ ಗೊಣ್ಣೆಹುಳು ಸಿಕ್ಕರೆ ಹೆಕ್ಕಿ ತೆಗೆಯಿರಿ. ನಮ್ಮಲ್ಲಿ ಅಗೆಯುವ ಸದ್ದು ಕೇಳಿದ ಕೂಡಲೇ ಮೈನಾ ಹಕ್ಕಿಗಳು ಬಂದು ಕಾಯುತ್ತವೆ, ಆ ಕೆಲಸ ಅವುಗಳದ್ದೇ.

ಕತ್ತರಿಸಿದ ಗಾಯಕ್ಕೆ ಒಲೆ ಬೂದಿ ಅಥವಾ ಅರಿಶಿನ ಹಚ್ಚುವುದು ಮನೆಮನೆಯ ರೂಢಿ. ಗಾಯ ಬೇಗ ಒಣಗಲು ಬೂದಿ ನೆರವಾಗುತ್ತದೆ. ದಪ್ಪ ಗೆಡ್ಡೆಗಳನ್ನು ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಶಿಲೀಂಧ್ರನಾಶಕ ಬೆರೆಸಿದ ದ್ರಾವಣದಲ್ಲಿ ಹದಿನೈದು ನಿಮಿಷ ಅದ್ದಿ, ನೆರಳಿನಲ್ಲಿ ಆರಿಸಿ ನೆಟ್ಟರೆ ಇನ್ನೂ ಒಳ್ಳೆಯದು. ಕೊಳೆರೋಗ ತಡೆಯಲು ಮಣ್ಣಿಗೆ ಬೆರೆಸುವ ಟ್ರೈಕೋಡರ್ಮಾ ಬಳಸುವವರು ಈ ದ್ರಾವಣವನ್ನು ಬಿಟ್ಟುಬಿಡಿ. ಅದೂ ಒಂದು ಶಿಲೀಂಧ್ರವೇ, ತಾಮ್ರ ಅದಕ್ಕೂ ಆಗದು.

ಒಂದೊಂದರ ಗುಣ

ಸುಗಂಧರಾಜಕ್ಕೆ ಡಿಸೆಂಬರ್‌ನಿಂದ ನೀರು ಕಡಿಮೆ ಮಾಡಿ. ಎಲೆ ಹಳದಿಯಾದ ಮೇಲೆ ಕಿತ್ತು, ಮಣ್ಣು ಕೊಡವಿ, ಗಾಳಿಯಾಡುವ ನೆರಳಿನಲ್ಲಿ ಸುಮಾರು ಒಂದು ತಿಂಗಳು ಹರಡಿಡಿ, ಆಗಾಗ ತಿರುವಿಹಾಕಿ. ಆಮೇಲೆ ಗಾತ್ರ ನೋಡಿ ಬೇರ್ಪಡಿಸಿ. 2ರಿಂದ 3 ಸೆಂಟಿಮೀಟರ್ ದಪ್ಪದ, ಇನ್ನೂ ಹೂ ಬಿಡದ ಗೆಡ್ಡೆಗಳು ಈ ವರ್ಷವೇ ಹೂ ಕೊಡುತ್ತವೆ. ಅದಕ್ಕಿಂತ ಸಣ್ಣವನ್ನು ಬೇರೆ ಮಡಿಯಲ್ಲಿ ಹತ್ತಿರ ಹತ್ತಿರ ನೆಟ್ಟು ಒಂದು ವರ್ಷ ಸಾಕಿ. ಒಣಗಿದ ದಂಟಿನ ಬುಡ ಅಂಟಿಕೊಂಡಿರುವ ಹಳೆಯ ಗೆಡ್ಡೆ ತನ್ನ ಕೆಲಸ ಮುಗಿಸಿದೆ. ಮೊದಲ ಮಳೆ ಬಿದ್ದ ಮೇಲೆ ಗೆಡ್ಡೆಯ ನೆತ್ತಿಯ ಮೇಲೆ ಎರಡು ಬೆರಳು ಮಣ್ಣು ಬರುವಂತೆ, ಗೇಣಿಗೊಂದರಂತೆ ನೆಡಿ. ಹೊಸ ತಳಿ ಬೇಕಾದವರು ಈ ಸಂದರ್ಭದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಒಂಟಿಸುತ್ತಿನ ಶೃಂಗಾರ್, ಪ್ರಜ್ವಲ್ ಅಥವಾ ಹಲವು ಸುತ್ತು ಎಸಳಿನ ಸುವಾಸಿನಿ, ವೈಭವ್ ಸೇರಿಸಿಕೊಳ್ಳಬಹುದು. ಹಾರಕ್ಕೆ, ಪರಿಮಳಕ್ಕೆ ಒಂಟಿಸುತ್ತಿನವೇ ಮೇಲು ಎಂದು ನನ್ನ ಪಕ್ಷ.

ಕಾಬಾಳೆ ಕೊಲ್ಲಲು ಕಷ್ಟವಾದ ಗಿಡ. ಗೆಡ್ಡೆಯ ಮೇಲೆ ಗುಲಾಬಿ ಬಣ್ಣದ ಮೊನಚು ಕಣ್ಣುಗಳು ಸ್ಪಷ್ಟವಾಗಿ ಕಾಣುತ್ತವೆ. ಕಣ್ಣು ಮೇಲ್ಮುಖವಾಗಿ, ನಾಲ್ಕು ಬೆರಳು ಆಳಕ್ಕೆ ಮಲಗಿಸಿದರೆ ಸಾಕು. ಒಂದೇ ಎಚ್ಚರ: ಎಲೆಯಲ್ಲಿ ನರದ ಉದ್ದಕ್ಕೂ ಹಳದಿ ಗೀರು, ಮಚ್ಚೆಗಳಿದ್ದು ಗಿಡ ಕುಗ್ಗಿದ್ದರೆ ಅದು ನಂಜುರೋಗ. ಅದಕ್ಕೆ ಔಷಧಿಯಿಲ್ಲ, ಅದರ ಪ್ರತಿ ತುಂಡಿನಲ್ಲೂ ನಂಜು ಇರುತ್ತದೆ. ಅಂಥದ್ದನ್ನು ಯಾರಿಗೂ ಹಂಚಬೇಡಿ.

ಹೆಲಿಕೋನಿಯಾದಲ್ಲಿ ಎರಡು ಮೂರು ಕಾಂಡಗಳ ಗುಂಪನ್ನು ಬೇರುಸಹಿತ ಇಡಿಯಾಗಿ ತೆಗೆಯಿರಿ. ಒಂಟಿ ಕಾಂಡ ತಡವಾಗಿ ಚೇತರಿಸಿಕೊಳ್ಳುತ್ತದೆ. ಕತ್ತರಿಸಿದ ಕಾಂಡ ಒಣಗಿ ಹೋಗುತ್ತದೆ, ಗಾಬರಿ ಬೇಡ, ಹೊಸ ಸುಳಿ ಬುಡದಿಂದ ಬರುತ್ತದೆ. ಗಿಳಿಕೊಕ್ಕಿನ ಸಣ್ಣ ಜಾತಿಗಳು ನೆಲದಡಿ ಓಡುತ್ತವೆ. ಅವನ್ನು ನೆಡುವಾಗ ಸುತ್ತ ಕಡಪ ಕಲ್ಲಿನ ತುಂಡುಗಳನ್ನು ಹೂತು ಬೇಲಿ ಮಾಡದಿದ್ದರೆ ಎರಡೇ ವರ್ಷಕ್ಕೆ ಇದೇ ಲೇಖನವನ್ನು ಮತ್ತೆ ಓದಬೇಕಾಗುತ್ತದೆ.

ಡೇ ಲಿಲಿ ಮತ್ತು ಜರ್ಬೆರಾ ಎರಡರಲ್ಲೂ ಆಳವೇ ಮುಖ್ಯ. ಡೇ ಲಿಲಿಯ ಬೇರು, ಎಲೆ ಕೂಡುವ ಜಾಗ ಮಣ್ಣಿನ ಒಂದು ಬೆರಳು ಕೆಳಗಿರಲಿ. ಜರ್ಬೆರಾದ ಸುಳಿ ಮಣ್ಣಿನ ಮೇಲೆಯೇ ಇರಬೇಕು. ಸುಳಿಯೊಳಗೆ ಮಣ್ಣು, ನೀರು ನಿಂತರೆ ಕೊಳೆಯುತ್ತದೆ.

ಸೇವಂತಿಗೆಯದು ವಿಶೇಷ. ಹಗಲು ಚಿಕ್ಕದಾಗತೊಡಗಿದ ಮೇಲೆ ಮೊಗ್ಗು ಕಟ್ಟುವ ಗಿಡವಿದು. ಹೂ ಮುಗಿದ ಮೇಲೆ, ಸಂಕ್ರಾಂತಿ ಕಳೆದು, ಹಳೆಯ ಕಡ್ಡಿಗಳನ್ನು ಬುಡದಿಂದ ನಾಲ್ಕು ಬೆರಳಿಗೆ ಕತ್ತರಿಸಿ. ಕೆಲವೇ ವಾರಗಳಲ್ಲಿ ಸುತ್ತ ಮರಿಗಳು ಏಳುತ್ತವೆ. ಬೇರು ಬಂದ ಮರಿಗಳನ್ನು ಬಿಡಿಸಿ, ಬೇಸಿಗೆಯಿಡೀ ಅರೆನೆರಳಿನ ಕುಂಡದಲ್ಲಿ ಕಾಪಾಡಿ, ಜೂನ್‌ನಲ್ಲಿ ಪಾತಿಗೆ ಇಳಿಸಿ. ಕಡ್ಡಿ ಬಿಟ್ಟ ಹಳೆಯ ಬುಡ ಇಲ್ಲಿಯೂ ಗೊಬ್ಬರಕ್ಕೇ.

ಮಜ್ಜಿಗೆಹುಲ್ಲಿಗೆ ಪಾಠವೇ ಬೇಕಿಲ್ಲ. ಎರಡು ಮೂರು ತೆಂಡೆಗಳನ್ನು (ಬುಡದಿಂದೆದ್ದ ಕವಲುಗಳನ್ನು) ಸೇರಿಸಿ ಎರಡಡಿಗೊಂದರಂತೆ ಊರಿದರೆ ಮುಗಿಯಿತು. ಎಲೆ ಕೈ ಕೊಯ್ಯುತ್ತದೆ, ತುಂಬುತೋಳಿನ ಅಂಗಿ ಹಾಕಿಕೊಳ್ಳಿ.

ಸ್ನೇಕ್ ಪ್ಲಾಂಟ್‌ನ ಎಲೆಯನ್ನು ತುಂಡು ಮಾಡಿ ನೆಟ್ಟರೂ ಗಿಡ ಬರುತ್ತದೆ. ಆದರೆ ಹಳದಿ ಅಂಚಿನ ಜಾತಿಯ ಎಲೆಯಿಂದ ಬರುವ ಮರಿ ಬರೀ ಹಸಿರಾಗಿರುತ್ತದೆ. ಹಳದಿ ಅಂಚು ಬೇಕಿದ್ದರೆ ಬುಡ ಸೀಳುವುದೊಂದೇ ದಾರಿ. ಸೀಳಿದ ತುಂಡುಗಳನ್ನು ನಾಲ್ಕೈದು ದಿನ ನೆರಳಿನಲ್ಲಿಟ್ಟು ಗಾಯ ಒಣಗಿಸಿ ನೆಡಿ. ನೆಟ್ಟು ಒಂದು ವಾರ ನೀರು ಬೇಡ. ಲೋಳೆಸರಕ್ಕೂ ಇದೇ.

ಹಿತ್ತಿಲಿನಲ್ಲಿ ಬಾಳೆ ಇದ್ದವರು ಅದರ ಬುಡವನ್ನೂ ಇದೇ ಹೊತ್ತಿನಲ್ಲಿ ನೋಡಿಕೊಳ್ಳಿ. ಎಲೆ ಕತ್ತಿಯಂತೆ ಕಿರಿದಾಗಿ, ಬುಡ ದಪ್ಪವಾಗಿರುವ ಕಂದು ನೆಡಲು ಯೋಗ್ಯ. ಎಳೆಯದರಲ್ಲೇ ಅಗಲ ಎಲೆ ಬಿಟ್ಟು ಚೆಂದ ಕಾಣುವುದು ನೀರುಕಂದು. ಅದರ ಗೆಡ್ಡೆ ಬಡಕಲು, ಗೊನೆಯೂ ಬಡಕಲು.

ಮತ್ತೆ ನೆಡುವುದು

ಹಳೆಯ ಜಾಗದಲ್ಲೇ ನೆಡುವುದಾದರೆ ಖಾಲಿಯಾದ ಗುಂಡಿಯನ್ನು ಸುಮ್ಮನೆ ಮುಚ್ಚಬೇಡಿ. ಮೂರು ವರ್ಷ ದುಡಿದ ಮಣ್ಣದು. ಒಂದಡಿ ಆಳಕ್ಕೆ ಅಗೆದು, ಹಳೆಯ ಬೇರು ಹೆಕ್ಕಿ, ಚದರ ಮೀಟರಿಗೆ ಒಂದು ಬಾಂಡ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನಹಿಂಡಿ ಬೆರೆಸಿ. ಕಳಿಯದ ಸಗಣಿ ಹಾಕಿದರೆ ಅದರ ಕಾವಿಗೆ ಹಸಿಗಾಯದ ಬೇರು ಬೇಯುತ್ತದೆ, ಗೆದ್ದಲು, ಗೊಣ್ಣೆಹುಳು ನೆಂಟರಂತೆ ಬರುತ್ತವೆ. ರಾಸಾಯನಿಕ ಗೊಬ್ಬರವನ್ನು ಈ ಹಂತದಲ್ಲಿ ಮುಟ್ಟಲೇಬೇಡಿ. ಮಂಡ್ಯದ ಜಿಗುಟು ಮಣ್ಣಿಗೆ ಮರಳು ಸುರಿಯುವುದಕ್ಕಿಂತ ಗೊಬ್ಬರ ಹೆಚ್ಚಿಸಿ, ಪಾತಿಯನ್ನು ಅರ್ಧ ಅಡಿ ಏರುಮಡಿ ಮಾಡುವುದು ಕೆಲಸಕ್ಕೆ ಬರುತ್ತದೆ.

ಗುಂಡಿಯ ನಡುವೆ ಮಣ್ಣಿನ ಸಣ್ಣ ದಿಬ್ಬ ಮಾಡಿ, ಅದರ ಮೇಲೆ ತುಂಡನ್ನು ಕೂರಿಸಿ, ಬೇರುಗಳನ್ನು ಸುತ್ತಲೂ ಲಂಗದ ನೆರಿಗೆಯಂತೆ ಇಳಿಬಿಡಿ. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ. ಮಣ್ಣು ತುಂಬಿ ಅಂಗೈಯಿಂದ ಒತ್ತಿ, ಕಾಲಿನಿಂದ ತುಳಿಯಬೇಡಿ. ಎಲೆ ಹಿಡಿದು ಮೆಲ್ಲಗೆ ಎಳೆದರೆ ಗಿಡ ಮೇಲೆ ಬರಬಾರದು, ಅಷ್ಟು ಬಿಗಿ ಸಾಕು. ಎರಡು ತುಂಡುಗಳ ನಡುವೆ ಜಾಗ ಬಿಡುವಾಗ ಕೈ ಹಿಡಿತ ಮಾಡಬೇಡಿ. ನೆಟ್ಟ ದಿನ ಪಾತಿ ಬೋಳು ಬೋಳಾಗಿ ಕಾಣುತ್ತದೆ. ಹಾಗೆ ಕಾಣಬೇಕು.

ಮುಂದಿನ ಆರು ವಾರ

ನೆಟ್ಟ ಕೂಡಲೇ ಜರಡಿ ಬಾಯಿಯ ನೀರಿನ ಕ್ಯಾನ್‌ನಿಂದ ನಿಧಾನವಾಗಿ, ಮಣ್ಣು ಬೇರಿಗೆ ಕೂತುಕೊಳ್ಳುವಷ್ಟು ನೀರು ಹಾಕಿ. ಆಮೇಲೆ ಕಬ್ಬಿನ ತರಗು ಅಥವಾ ಒಣ ಎಲೆಯ ಹೊದಿಕೆ ಎರಡಂಗುಲ ಹರಡಿ. ಬುಡಕ್ಕೆ ತಾಗದಂತೆ ನಾಲ್ಕು ಬೆರಳು ದೂರವಿರಲಿ. ಜೂನ್, ಜುಲೈಯಲ್ಲಿ ಮಳೆ ದಿನವೂ ಬಂದಂತೆ ಕಾಣುತ್ತದೆ, ಆದರೆ ಮೈಸೂರಿನ ಆ ಜಿನುಗು ಎಲೆ ಒದ್ದೆ ಮಾಡಿ ಹೋಗುತ್ತದೆ, ಗಾಳಿ ಮಣ್ಣನ್ನು ಒಣಗಿಸುತ್ತದೆ. ಬೆರಳು ಮಣ್ಣಿನೊಳಗೆ ಹಾಕಿ ನೋಡಿಯೇ ನೀರು ತೀರ್ಮಾನಿಸಿ. ಬಿಸಿಲು ಚುರುಕಾದ ದಿನ ಎರಡು ಕೋಲು ನೆಟ್ಟು ಹಳೆಯ ಪಂಚೆ ಕಟ್ಟಿದರೆ ನೆರಳಾಯಿತು.

ಮೊದಲ ಹತ್ತು ದಿನ ಎಲೆಯ ತುದಿ ಒಣಗುತ್ತದೆ, ಕೆಲವು ಎಲೆ ಹಳದಿಯಾಗುತ್ತವೆ. ಇದು ಸಹಜ. ಕಿತ್ತು ನೋಡುವ ಚಪಲ ಬರುತ್ತದೆ, ತಡೆದುಕೊಳ್ಳಿ. ಮೂರನೇ ವಾರಕ್ಕೆ ನಡುವಿನಿಂದ ತಿಳಿಹಸಿರು ಸುಳಿ ಇಣುಕಿದರೆ ಬೇರು ಹಿಡಿದಿದೆ. ಸುಳಿಯೇ ಕಂದಿದರೆ, ಎಳೆದಾಗ ಬಿಡಿಸಿಕೊಂಡು ಬಂದರೆ ಅದು ಕೊಳೆತಿದೆ, ತೆಗೆದುಹಾಕಿ. ಆರನೇ ವಾರದ ಹೊತ್ತಿಗೆ ಎರಡು ಹೊಸ ಎಲೆ ಬಿಚ್ಚಿರುತ್ತವೆ, ಆಗ ಎರೆಗೊಬ್ಬರ ಒಂದು ಹಿಡಿ. ಪುಟ್ಟ ತುಂಡೊಂದು ಅವಸರದಿಂದ ಮೊಗ್ಗು ತಂದರೆ ಚಿವುಟಿಬಿಡಿ. ಬೇಸರವಾದರೂ ಚಿವುಟಿ.

ಈಗ ಉಳಿದದ್ದು ಹೆಚ್ಚಾದ ಸಸಿಗಳ ರಾಶಿ. ಒಂದು ಕಾಬಾಳೆ ಪೊದೆಯಿಂದ ಇಪ್ಪತ್ತು ತುಂಡು ಸುಲಭವಾಗಿ ಬರುತ್ತವೆ, ಜಾಗ ಇರುವುದು ಆರಕ್ಕೆ. ನಾನು ಅವುಗಳನ್ನು ಒದ್ದೆ ಪತ್ರಿಕೆಯಲ್ಲಿ ಸುತ್ತಿ, ಹೂವಿನ ಬಣ್ಣ ಬರೆದ ಚೀಟಿ ಕಟ್ಟಿ, ಗೇಟಿನ ಹೊರಗೆ ಬುಟ್ಟಿಯಲ್ಲಿ ಇಡುತ್ತೇನೆ. ಬೆಳಗಿನ ವಾಕಿಂಗ್‌ಗೆ ಹೋಗುವವರು ಒಯ್ಯುತ್ತಾರೆ. ಕೇಳಿ ತಂದ ಗಿಡಕ್ಕಿಂತ ಕದ್ದ ಗಿಡ ಚೆನ್ನಾಗಿ ಚಿಗುರುತ್ತದೆ ಎಂಬ ನಂಬಿಕೆಯವರೂ ನಮ್ಮ ಬೀದಿಯಲ್ಲಿದ್ದಾರೆ. ಅವರಿಗಾಗಿ ಬುಟ್ಟಿಯನ್ನು ಕತ್ತಲಾದ ಮೇಲೂ ಒಳಗೆ ತರುವುದಿಲ್ಲ.